ಲೋಕಲ್ ಗಾಡಿಯ ಊರಿನಲ್ಲಿ ದಿನಚರಿಯ ಆ್ಯಪ್

ಮುಂಬೈಯ ಲೋಕಲ್ ಗಾಡಿಗಳನ್ನು ಜನ ಗುರುತಿಸುವುದು ನಿಮಿಷದಿಂದ. ಡೊಂಬಿವಲಿ, ವಸಾಯಿ, ಭಾಂಡುಪ್, ಮೀರಾರೋಡುಗಳಲ್ಲಿ ನಿತ್ಯ ಗಾಡಿ ಹಿಡಿಯುವವರಿಗೆ ತಮ್ಮದು ಎಷ್ಟು ಗಂಟೆ ಎಷ್ಟು ನಿಮಿಷದ ಫಾಸ್ಟ್, ಅದು ತಪ್ಪಿದರೆ ಮುಂದಿನ ಸ್ಲೋ ಯಾವುದು, ಎಷ್ಟನೆಯ ಡಬ್ಬಿಯ ಯಾವ ಬಾಗಿಲಲ್ಲಿ ನಿಂತರೆ ದಾದರಿನ ಸೇತುವೆ ಎದುರಿಗೇ ಸಿಗುತ್ತದೆ ಎಂಬುದೆಲ್ಲ ಬಾಯಿಪಾಠ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ಗಾಡಿ ಹೊರಟಿತು. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್ಸಿನಿಂದ ಕುರ್ಲಾಕ್ಕೆ ವಿದ್ಯುತ್ ಗಾಡಿ ಓಡಿತು. ಗಾಡಿಯ ವೇಳೆಗೆ ಬದುಕನ್ನು ಹೊಂದಿಸಿಕೊಳ್ಳುವ ಅಭ್ಯಾಸ ಇಲ್ಲಿ ಹಲವು ತಲೆಮಾರುಗಳಷ್ಟು ಹಳೆಯದು. ಇಂಥ ಊರಿನಲ್ಲೂ ಎಷ್ಟೋ ಜನ ದಿನಚರಿ ನಡೆಸಿಕೊಡುವ ಆ್ಯಪ್‌ಗಳನ್ನು ಉತ್ಸಾಹದಿಂದ ಮೊಬೈಲಿಗೆ ಹಾಕಿಕೊಂಡು, ಕೆಲವು ವಾರಗಳಲ್ಲಿ ಕೈಬಿಟ್ಟು, ಆಮೇಲೆ ತಮಗೇ ಮನೋಬಲ ಸಾಲದು ಎಂದು ನೊಂದುಕೊಳ್ಳುತ್ತಾರೆ. ಹಾಗೆ ನೊಂದುಕೊಳ್ಳಬೇಕಿಲ್ಲ ಎನ್ನುವುದು ನನ್ನ ವಾದ. ಕೊರತೆ ಇರುವುದು ದಿನಚರಿಯನ್ನು ಕಟ್ಟಿದ ಬಗೆಯಲ್ಲಿ. ಬೇರೆ ಯಾವುದೋ ಊರಿನ, ಬೇರೆ ಯಾವುದೋ ಮನೆಯ ಬೆಳಗನ್ನು ತಂದು ಇಲ್ಲಿಯ ದಿನದ ಮೇಲೆ ಹೇರಿದರೆ ಅದು ಉಳಿಯುವುದಿಲ್ಲ. ಈಗಾಗಲೇ ತಪ್ಪದೆ ನಡೆಯುತ್ತಿರುವ ಕೆಲಸಗಳಿಗೆ ಗಂಟು ಹಾಕಿ, ನಡುನಡುವೆ ಸಡಿಲ ಬಿಟ್ಟು ಕಟ್ಟಿದ್ದು ಉಳಿಯುತ್ತದೆ.

ಈ ಆ್ಯಪ್‌ಗಳು ಮಾಡುವುದೇನು ಎಂಬುದನ್ನು ಮೊದಲು ನೋಡೋಣ. ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಇಟ್ಟುಕೊಳ್ಳುವ ಆ್ಯಪ್‌ಗಳು ಬಂದು ಬಹಳ ಕಾಲವಾಯಿತು. ಪಟ್ಟಿಯಲ್ಲಿ ಕೆಲಸಗಳ ಹೆಸರು ಇರುತ್ತದೆ, ಯಾವುದರ ಹಿಂದೆ ಯಾವುದು ಎಂಬ ಕ್ರಮ ಇರುವುದಿಲ್ಲ. ಕೊರಿಯಾದ ರುಟಿನರಿ, ಡೆನ್ಮಾರ್ಕಿನ ಟೀಮೋ, ಫ್ಯಾಬ್ಯುಲಸ್, ಸನ್‌ಸಾಮಾದಂಥವು ಆ ಕ್ರಮವನ್ನೇ ಮುಖ್ಯ ಮಾಡಿಕೊಂಡಿವೆ. ಬಳಸುವವರು ಒಂದು ದಿನಚರಿಗೆ ಹೆಸರು ಕೊಟ್ಟು ಅದರೊಳಗೆ ಹೆಜ್ಜೆಗಳನ್ನು ಬರೆಯುತ್ತಾರೆ, ಹೆಜ್ಜೆಗೆ ಇಷ್ಟು ನಿಮಿಷ ಎಂದು ನಿಗದಿ ಮಾಡುತ್ತಾರೆ. ಶುರು ಎಂದು ಒತ್ತಿದರೆ ಪರದೆಯ ಮೇಲೆ ಒಮ್ಮೆಗೆ ಒಂದೇ ಹೆಜ್ಜೆ ಕಾಣುತ್ತದೆ, ಸಮಯ ಕೆಳಗಿಳಿಯುತ್ತ ಹೋಗುತ್ತದೆ, ಮುಗಿದೊಡನೆ ಸದ್ದೋ ಧ್ವನಿಯೋ ಮುಂದಿನದನ್ನು ಹೇಳುತ್ತದೆ. ಮುಗಿಸಿದೆ, ಬಿಟ್ಟೆ, ಇನ್ನಷ್ಟು ಹೊತ್ತು ಬೇಕು ಎಂದು ಒತ್ತಲು ಗುಂಡಿಗಳಿವೆ. ಸನ್‌ಸಾಮಾದಲ್ಲಿ ಬೆಳಿಗ್ಗೆ ದಿನವನ್ನು ಯೋಜಿಸಲು, ಸಂಜೆ ಕೆಲಸವನ್ನು ಮುಗಿಸಿಡಲು ಹೀಗೆಯೇ ಕೈಹಿಡಿದು ನಡೆಸುವ ವ್ಯವಸ್ಥೆ ಇದೆ. ಇಂಥ ಆ್ಯಪ್‌ನ ನಿಜವಾದ ಉಪಕಾರ ಒಂದೇ: ನಿದ್ದೆಗಣ್ಣಿನಲ್ಲಿ ಅಥವಾ ದಣಿದ ಹೊತ್ತಿನಲ್ಲಿ 'ಈಗೇನು ಮಾಡಲಿ' ಎಂದು ಯೋಚಿಸುವ ಹೊರೆಯನ್ನು ಅದು ತೆಗೆದುಕೊಳ್ಳುತ್ತದೆ. ತಲೆ ನಿರಾಳವಾಗಿದ್ದಾಗ ಮಾಡಿದ ತೀರ್ಮಾನವನ್ನು ನಿರಾಳವಿಲ್ಲದ ಹೊತ್ತಿಗೆ ತಂದು ಕೈಗಿಡುತ್ತದೆ. ಚಿಕ್ಕ ಉಪಕಾರ, ಆದರೆ ದಿನಾಲೂ ಒದಗುವಂಥದು.

ತೊಂದರೆ ಶುರುವಾಗುವುದು ಆ್ಯಪ್ ಜೊತೆಗೆ ಬರುವ ಸಿದ್ಧ ಮಾದರಿಗಳಿಂದ. ಎದ್ದೊಡನೆ ನೀರು ಕುಡಿಯಿರಿ, ಧ್ಯಾನ ಮಾಡಿರಿ, ವ್ಯಾಯಾಮ, ಓದು, ಬರವಣಿಗೆ ಎಂದು ಒಂದೂವರೆ ಗಂಟೆಯ ಬೆಳಗನ್ನು ಅವು ಕೊಡುತ್ತವೆ. ಅದನ್ನು ಬರೆದವರ ಕಣ್ಣ ಮುಂದೆ ಇರುವುದು ತನ್ನದೇ ಕೋಣೆಯುಳ್ಳ, ನೀರು ಎಲ್ಲ ಹೊತ್ತಿನಲ್ಲೂ ಬರುವ, ಯಾರಿಗೂ ಡಬ್ಬ ಕಟ್ಟಬೇಕಿಲ್ಲದ ವ್ಯಕ್ತಿ. ಮುಂಬೈಯ ಎಷ್ಟೋ ಚಾಳುಗಳಲ್ಲಿ, ಬಿಲ್ಡಿಂಗುಗಳಲ್ಲಿ ಪಾಲಿಕೆಯ ನೀರು ಬರುವ ಹೊತ್ತೇ ಮನೆಯವರು ಏಳುವ ಹೊತ್ತನ್ನು ತೀರ್ಮಾನಿಸುತ್ತದೆ. ಒಂದೇ ಖೋಲಿಯಲ್ಲಿ ಐದು ಜನ ಮಲಗಿರುವಾಗ ಧ್ಯಾನಕ್ಕೆ ಮೂಲೆ ಎಲ್ಲಿಂದ ಬರಬೇಕು? 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷವನ್ನು ಅದಕ್ಕೆ ಕೊಡುತ್ತಾರೆ. ಆ ಕೆಲಸದಲ್ಲಿ ಕೈಜೋಡಿಸುವ ಗಂಡಸರು ಕೊಡುವುದು 97 ನಿಮಿಷ. ಬೆಳಗಿನ ಆ ಒಂದೂವರೆ ಗಂಟೆ ಯಾರ ಕೈಯಲ್ಲಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ. ಇನ್ನು ನಮ್ಮ ಉಡುಪಿ ಹೋಟೆಲುಗಳಲ್ಲಿ ದುಡಿಯುವವರನ್ನು ನೋಡಿ. ನಸುಕಿನಲ್ಲೇ ಒಲೆ ಹೊತ್ತಿಸುವ ಕೆಲಸದಲ್ಲಿ ಬೆಳಗು ಎನ್ನುವುದು ಹೋಟೆಲಿನ ಸೊತ್ತು. ಅವರ ಸ್ವಂತದ ಹೊತ್ತು ಸಿಗುವುದು ಮಧ್ಯಾಹ್ನದ ಊಟದ ಗದ್ದಲ ಇಳಿದು ಸಂಜೆಯ ತಿಂಡಿಗೆ ತಯಾರಿ ಶುರುವಾಗುವ ನಡುವೆ. ನಾನು ಕಂಡಂತೆ ಯಾವ ಸಿದ್ಧ ಮಾದರಿಯೂ ಆ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹಾಗಾದರೆ ದಿನಚರಿಯನ್ನು ಎಲ್ಲಿಗೆ ಕಟ್ಟಬೇಕು? ಇಲ್ಲಿ ಸಂಶೋಧನೆಯ ನೆರವಿದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ 1990ರ ದಶಕದಿಂದ ಒಂದು ಸರಳ ಸಂಗತಿಯನ್ನು ಪರೀಕ್ಷಿಸುತ್ತ ಬಂದರು. 'ನಾನು ಓದುತ್ತೇನೆ' ಎಂದು ಸಂಕಲ್ಪ ಮಾಡುವವರಿಗಿಂತ 'ಇಂಥದ್ದು ನಡೆದೊಡನೆ, ಇಂಥ ಜಾಗದಲ್ಲಿ ಕೂತು ಓದುತ್ತೇನೆ' ಎಂದು ಗೊತ್ತುಮಾಡಿಕೊಳ್ಳುವವರು ಹೆಚ್ಚು ಬಾರಿ ಮಾಡಿ ಮುಗಿಸುತ್ತಾರೆ. 2006ರಲ್ಲಿ ಅವರೂ ಪ್ಯಾಸ್ಕಲ್ ಶೀರನ್ ಅವರೂ ಇಂಥ 94 ಪರೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಪರಿಣಾಮ ಗಟ್ಟಿಯಾಗಿಯೇ ಇತ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು ಹನ್ನೆರಡು ವಾರ ಗಮನಿಸಿದರು. ಒಬ್ಬೊಬ್ಬರೂ ಒಂದೊಂದು ಹೊಸ ಅಭ್ಯಾಸವನ್ನು ದಿನದ ಯಾವುದಾದರೂ ಒಂದು ನಿತ್ಯದ ಘಟನೆಗೆ, ಉದಾಹರಣೆಗೆ ಬೆಳಗಿನ ತಿಂಡಿ ಆದಮೇಲೆ ಎಂಬಂತೆ, ಜೋಡಿಸಿಕೊಂಡಿದ್ದರು. ಅದು ತನ್ನಷ್ಟಕ್ಕೆ ನಡೆಯುವಂತಾಗಲು ಹಿಡಿದ ನಡುಮಟ್ಟದ ಅವಧಿ 66 ದಿನ. ಕೆಲವರಿಗೆ 18 ದಿನ ಸಾಕಾದರೆ, ಲೆಕ್ಕದ ಪ್ರಕಾರ 254 ದಿನ ಬೇಕಾಗುವವರೂ ಇದ್ದರು. 21 ದಿನದಲ್ಲಿ ಅಭ್ಯಾಸವಾಗುತ್ತದೆ ಎಂದು ಎಲ್ಲೆಡೆ ಕೇಳಿಬರುವ ಮಾತು 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ ಬರೆದ ಪುಸ್ತಕದಿಂದ ಹರಡಿದ್ದು, ಅದಕ್ಕೆ ಇಂಥ ಪರೀಕ್ಷೆಯ ಆಧಾರವಿಲ್ಲ. ಲ್ಯಾಲಿ ಅವರ ಅಧ್ಯಯನದ ಇನ್ನೊಂದು ಅಂಶ ನನಗೆ ಹೆಚ್ಚು ಮುಖ್ಯ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂಡಿಬರುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ.

ಮುಂಬೈಗೆ ಇದು ಹೇಗೆ ಅನ್ವಯಿಸುತ್ತದೆ ಎಂದು ತೋರಿಸಲು ಪರದೇಶದ ಉದಾಹರಣೆ ಬೇಕಿಲ್ಲ, ಡಬ್ಬಾವಾಲಾಗಳು ಸಾಕು. 1890ರಲ್ಲಿ ಮಹಾದು ಹಾವಜಿ ಬಚ್ಚೆ ಶುರು ಮಾಡಿದ ಈ ಏರ್ಪಾಡಿನಲ್ಲಿ ಕೋವಿಡ್‌ಗೆ ಮುನ್ನ ಸುಮಾರು 5,000 ಜನ ದಿನಕ್ಕೆ ಎರಡು ಲಕ್ಷದಷ್ಟು ಊಟದ ಡಬ್ಬಗಳನ್ನು ಉಪನಗರದ ಮನೆಗಳಿಂದ ಕಚೇರಿಗಳಿಗೆ ಮುಟ್ಟಿಸಿ, ಖಾಲಿ ಡಬ್ಬವನ್ನು ಮತ್ತೆ ಮನೆಗೆ ತಲುಪಿಸುತ್ತಿದ್ದರು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಸ್ಟೆಫಾನ್ ಥಾಮ್ಕೆ ಇದನ್ನು ಅಧ್ಯಯನ ಮಾಡಿ 2012ರಲ್ಲಿ ವಿವರವಾಗಿ ಬರೆದರು. ಜನ ಸಾಮಾನ್ಯವಾಗಿ ಮಾತಾಡುವುದು ಅವರ ನಿಖರತೆಯ ಬಗ್ಗೆ. ಆ ನಿಖರತೆ ಎಲ್ಲಿಂದ ಬಂತು ಎಂಬುದರಲ್ಲಿ ಹೆಚ್ಚಿನ ಪಾಠವಿದೆ. ಅವರ ದಿನವೆಲ್ಲ ಲೋಕಲ್ ಗಾಡಿಗೆ ಕಟ್ಟಿದ್ದು. ದೊಡ್ಡ ನಿಲ್ದಾಣಗಳಲ್ಲಿ ಡಬ್ಬದ ಹಲಗೆಗಳನ್ನು ಏರಿಸಲು 40 ಸೆಕೆಂಡು, ಚಿಕ್ಕವುಗಳಲ್ಲಿ 20 ಸೆಕೆಂಡು ಸಿಗುತ್ತದೆ. ಗಾಡಿ ಯಾರಿಗೂ ಕಾಯುವುದಿಲ್ಲವಾದ್ದರಿಂದ ಅದರ ಹಿಂದಿನ ಕೆಲಸಗಳೆಲ್ಲ ತಮ್ಮ ಹೊತ್ತಿಗೆ ಮುಗಿಯುತ್ತವೆ. ಮುಚ್ಚಳದ ಮೇಲಿನ ಗುರುತಿನಲ್ಲಿ ಪೂರ್ತಿ ವಿಳಾಸ ಇರುವುದಿಲ್ಲ, ಮುಂದಿನವನಿಗೆ ಬೇಕಾದಷ್ಟೇ ಬಣ್ಣ, ಅಂಕಿ, ಅಕ್ಷರ ಇರುತ್ತದೆ. ಪ್ರತಿ ಗುಂಪಿನಲ್ಲೂ ಇಬ್ಬರು ಮೂವರು ಹೆಚ್ಚುವರಿ ಆಳುಗಳನ್ನು ಇಟ್ಟುಕೊಂಡಿರುತ್ತಾರೆ. ಯಾರಿಗಾದರೂ ಜ್ವರ ಬಂದರೆ, ಎಲ್ಲಾದರೂ ತಡವಾದರೆ ಅವರು ತುಂಬುತ್ತಾರೆ. ಮತ್ತೆ ಮತ್ತೆ ಡಬ್ಬ ತಡಮಾಡುವ ಗಿರಾಕಿಯನ್ನು ಕೈಬಿಡುತ್ತಾರೆ. ಅಷ್ಟು ಬಿಗಿಯಾಗಿ ಕಾಣುವ ವ್ಯವಸ್ಥೆಯ ಒಳಗೆ ಬೇಕೆಂದೇ ಇಟ್ಟ ಸಡಿಲ ಇದೆ. ನಾವು ಆ್ಯಪ್‌ನಲ್ಲಿ ದಿನಚರಿ ಕಟ್ಟುವಾಗ ಮರೆಯುವುದು ಈ ಸಡಿಲವನ್ನೇ. ಆರು ಗಂಟೆಯಿಂದ ಏಳೂಕಾಲರವರೆಗೆ ನಿಮಿಷಕ್ಕೆ ನಿಮಿಷ ಜೋಡಿಸಿ ಇಟ್ಟರೆ, ನಲ್ಲಿಯಲ್ಲಿ ನೀರು ಹತ್ತು ನಿಮಿಷ ತಡವಾದ ದಿನ ಇಡೀ ಸಾಲು ಮಗುಚುತ್ತದೆ.

ಕಟ್ಟುವ ಕೆಲಸಕ್ಕೆ ಬರೋಣ. ಮೊದಲ ದಿನಚರಿ ರಾತ್ರಿಯದ್ದಾಗಿರಲಿ ಎಂದು ನಾನು ಹೇಳುತ್ತೇನೆ, ಬೆಳಗಿನದು ಬೇಡ. ಬೆಳಿಗ್ಗೆ ಗಾಡಿಯ ಒತ್ತಡವಿರುತ್ತದೆ, ಮನೆಯ ಎಲ್ಲರ ಬೇಡಿಕೆ ಇರುತ್ತದೆ. ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಮೇಲೆ ಐದು ನಿಮಿಷ ಸಿಗುವ ಸಾಧ್ಯತೆ ಹೆಚ್ಚು. ನಾಳೆಯ ಬಟ್ಟೆ ತೆಗೆದಿಡು, ಪಾಸ್ ಮತ್ತು ಚಾರ್ಜರ್ ಚೀಲಕ್ಕೆ ಹಾಕು, ನಾಳೆ ಮಾಡಲೇಬೇಕಾದ ಒಂದು ಕೆಲಸ ಬರೆ: ಇಷ್ಟು ಮೂರು ಹೆಜ್ಜೆ ಸಾಕು. ಹೆಜ್ಜೆಯನ್ನು ಕನ್ನಡದಲ್ಲೇ, ಕೈ ಮಾಡುವ ಕೆಲಸವಾಗಿ ಬರೆಯಬೇಕು. 'ಆರೋಗ್ಯ' ಎಂದು ಬರೆದರೆ ಯಾರೂ ಏನನ್ನೂ ಮಾಡುವುದಿಲ್ಲ, 'ಮಾತ್ರೆ ನುಂಗಿ ಡಬ್ಬಿ ಮುಚ್ಚು' ಎಂದರೆ ಮಾಡುತ್ತಾರೆ. ಆಂಡ್ರಾಯ್ಡ್ ಫೋನಿನ ಗೂಗಲ್ ಧ್ವನಿಸೇವೆ ಕನ್ನಡವನ್ನು ಓದುತ್ತದೆ, ಆ ಧ್ವನಿಯನ್ನು ಬಳಸುವ ಆ್ಯಪ್ ಆದರೆ ಹೆಜ್ಜೆಗಳನ್ನು ಕಿವಿಯಿಂದಲೇ ಕೇಳಬಹುದು. ಸಮಯವನ್ನು ಊಹಿಸದೆ ಒಂದೆರಡು ದಿನ ಅಳೆದು, ಬಂದ ಲೆಕ್ಕಕ್ಕೆ ಇನ್ನಷ್ಟು ಸೇರಿಸಿ ಇಡಬೇಕು. ಶುರುವಾಗುವ ಗುರುತು ಗಡಿಯಾರಕ್ಕಿಂತ ಘಟನೆಯಾದರೆ ಒಳ್ಳೆಯದು: ನೀರು ತುಂಬಿಟ್ಟ ಮೇಲೆ, ಮಕ್ಕಳನ್ನು ಶಾಲೆಯ ಬಸ್ಸಿಗೆ ಹತ್ತಿಸಿದ ಮೇಲೆ, ಗಾಡಿ ಠಾಣೆ ದಾಟಿದ ಮೇಲೆ. ಹೊತ್ತು ಹಿಂದೆ ಮುಂದೆ ಆದರೂ ಘಟನೆ ಬಂದೇ ಬರುತ್ತದೆ. ಗಾಡಿಯೊಳಗಿನ ಹೊತ್ತನ್ನು ಲೆಕ್ಕಕ್ಕೆ ಹಿಡಿಯುವವರು ಒಂದು ಎಚ್ಚರ ವಹಿಸಬೇಕು. ಕಿಕ್ಕಿರಿದ ಡಬ್ಬಿಯಲ್ಲಿ ಕೈ ಎತ್ತಲು ಆಗುವುದಿಲ್ಲ, ಬಾಗಿಲ ಬಳಿ ನಿಂತು ಫೋನ್ ಹಿಡಿದವರ ಕೈಗೆ ಹೊರಗಿನಿಂದ ಕೋಲಿನ ಏಟು ಹಾಕಿ ಫೋನ್ ಬೀಳಿಸುವ ಫಟ್ಕಾ ಗ್ಯಾಂಗ್‌ಗಳ ಕಾಟ ಇದೆ. ಆದ್ದರಿಂದ ಗಾಡಿಯ ಹೆಜ್ಜೆಗಳು ಕಿವಿಗೆ ಸಂಬಂಧಿಸಿದವು ಮಾತ್ರ ಆಗಿರಲಿ. ಆ್ಯಪ್ ಇಂಟರ್ನೆಟ್ ಇಲ್ಲದೆಯೂ ಓಡುತ್ತದೆಯೇ ಎಂದು ನೋಡಿಕೊಳ್ಳಿ. ಬ್ಯಾಟರಿ ಉಳಿಸುವ ವ್ಯವಸ್ಥೆ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿ ಹಿನ್ನೆಲೆಯ ಆ್ಯಪ್‌ಗಳನ್ನು ಸದ್ದಿಲ್ಲದೆ ನಿಲ್ಲಿಸಿಬಿಡುತ್ತದೆ, ಸೆಟ್ಟಿಂಗಿನಲ್ಲಿ ಈ ಒಂದು ಆ್ಯಪ್‌ಗೆ ವಿನಾಯಿತಿ ಕೊಡದಿದ್ದರೆ ನೆನಪೋಲೆ ಬರುವುದೇ ಇಲ್ಲ. ಮುಂಬೈಯ ಜನ ಎಂ-ಇಂಡಿಕೇಟರ್ ಆ್ಯಪನ್ನು ತಮ್ಮದಾಗಿಸಿಕೊಂಡದ್ದು ಯಾಕೆ ಎಂದು ಯೋಚಿಸಿದರೆ ಇದೆಲ್ಲ ಅರ್ಥವಾಗುತ್ತದೆ. ಅದು ಊರಿನ ಗಾಡಿಯಿಂದ ಶುರುವಾಯಿತು, ನೆಟ್‌ವರ್ಕ್ ಇಲ್ಲದೆಯೂ ವೇಳಾಪಟ್ಟಿ ತೋರಿಸಿತು.

ನಡೆಸುವುದು ಕಟ್ಟುವುದಕ್ಕಿಂತ ಕಷ್ಟ. ಅದನ್ನು ಹೆಚ್ಚು ಕೆಡಿಸುವುದು ಸತತ ಇಷ್ಟು ದಿನ ಮಾಡಿದಿರಿ ಎಂದು ಏರುತ್ತ ಹೋಗುವ ಅಂಕಿ. ನಲವತ್ತನೆಯ ದಿನ ಮಗುವಿಗೆ ಜ್ವರ ಬಂದು ತಪ್ಪಿದರೆ ಅಂಕಿ ಸೊನ್ನೆಗೆ ಇಳಿಯುತ್ತದೆ, ಅದರೊಡನೆ ಮನಸ್ಸೂ ಇಳಿಯುತ್ತದೆ. ಒಂದು ದಿನ ತಪ್ಪಿದರೆ ನಷ್ಟವಿಲ್ಲ ಎಂದು ಲ್ಯಾಲಿ ಅವರ ಅಧ್ಯಯನ ಹೇಳುತ್ತಿರುವಾಗ ಆ್ಯಪ್ ಅದಕ್ಕೆ ವಿರುದ್ಧವಾದುದನ್ನು ಕಲಿಸುತ್ತಿದೆ. ಭಾಷೆ ಕಲಿಸುವ ಡ್ಯುಯೊಲಿಂಗೋ ತಪ್ಪಿದ ದಿನವನ್ನು ಮನ್ನಿಸಿ ಅಂಕಿಯನ್ನು ಕಾಪಾಡುವ ಸೌಲಭ್ಯವನ್ನೂ ಇಟ್ಟುಕೊಂಡಿದೆ. ಈ ಅಂಕಿಯನ್ನು ಮುಚ್ಚಿಡುವ ಅವಕಾಶವಿದ್ದರೆ ಮೊದಲ ದಿನವೇ ಮುಚ್ಚಿಡಿ. ಅದಕ್ಕಿಂತ ಮುಖ್ಯವಾಗಿ, ಪ್ರತಿ ದಿನಚರಿಗೂ ಒಂದು ಕಿರಿಯ ರೂಪ ಬೇಕು. ಎಂಟು ಹೆಜ್ಜೆಯದಕ್ಕೆ ಎರಡು ಹೆಜ್ಜೆಯ ಇನ್ನೊಂದನ್ನು ಬರೆದಿಟ್ಟು, 'ತಡವಾದ ದಿನ' ಎಂದು ಹೆಸರು ಕೊಡಿ. ಭಾನುವಾರ ಹಳಿ ದುರಸ್ತಿಗೆಂದು ಗಾಡಿ ನಿಲ್ಲಿಸುವ ಮೆಗಾಬ್ಲಾಕ್ ಇರುವ, ಜುಲೈಯಲ್ಲಿ ಹಳಿ ಮುಳುಗುವ ಊರಿದು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಲಕ್ಷಾಂತರ ಜನ ಮನೆಗೆ ಮರಳಲಾರದೆ ಹೋದರು. ತಪ್ಪುವ ದಿನಗಳು ಇಲ್ಲಿ ಬರುವುದು ಖಚಿತವಾದ್ದರಿಂದ ಅವುಗಳಿಗೂ ದಿನಚರಿಯೊಳಗೆ ಜಾಗ ಇರಬೇಕು. ವಾರಕ್ಕೊಮ್ಮೆ ಆ್ಯಪ್ ಉಳಿಸಿಟ್ಟ ದಾಖಲೆಯನ್ನು ನೋಡಿ. ಮತ್ತೆ ಮತ್ತೆ 'ಬಿಟ್ಟೆ' ಎಂದು ಒತ್ತಿದ ಹೆಜ್ಜೆ ಯಾವುದು? ಡಬ್ಬಾವಾಲಾಗಳು ಗಿರಾಕಿಯನ್ನು ಕೈಬಿಡುವಂತೆ ಅದನ್ನು ತೆಗೆದುಹಾಕಿ.

ಇದಕ್ಕೆ ಆಕ್ಷೇಪಗಳಿವೆ, ಹಗುರವಾದವೇನೂ ಅಲ್ಲ. ಮೊದಲನೆಯದು, ಮನುಷ್ಯ ಯಂತ್ರವಾಗುತ್ತಾನೆ ಎಂಬುದು. ನಿಶಿಕಾಂತ್ ಕಾಮತ್ 2005ರಲ್ಲಿ ತೆಗೆದ 'ಡೊಂಬಿವಲಿ ಫಾಸ್ಟ್' ಎಂಬ ಮರಾಠಿ ಚಿತ್ರವನ್ನು ನೋಡಿದವರಿಗೆ ಈ ಭಯದ ಆಳ ಗೊತ್ತು. ಬ್ಯಾಂಕ್ ನೌಕರ ಮಾಧವ ಆಪ್ಟೆಯ ದಿನಗಳು ಒಂದರಂತೆ ಒಂದು ಉರುಳಿ ಉರುಳಿ ಕೊನೆಗೆ ಅವನು ಸಿಡಿಯುತ್ತಾನೆ. ಆದರೆ ಆಪ್ಟೆಯನ್ನು ಹಿಂಡಿದ ದಿನಚರಿಯಲ್ಲಿ ಅವನು ತನಗಾಗಿ ಆರಿಸಿಕೊಂಡ ಹೆಜ್ಜೆ ಎಷ್ಟಿತ್ತು? ನೌಕರಿ, ಗಾಡಿ, ಲಂಚದ ಊರು ಅವನ ದಿನವನ್ನು ಬರೆದವು. ಹೊರಗಿನಿಂದ ಬಂದ ಕ್ರಮಕ್ಕೂ ತಾನೇ ಕಟ್ಟಿದ ಕ್ರಮಕ್ಕೂ ಇರುವ ಅಂತರದ ಸುಳಿವು ವೈದ್ಯಲೋಕದಲ್ಲಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸೆಯ ತಪಾಸಣಾ ಪಟ್ಟಿಯನ್ನು ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಬಳಸಿ ನೋಡಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತು ಎಂದು 2009ರಲ್ಲಿ ವರದಿಯಾಯಿತು. ನುರಿತ ಸರ್ಜನ್ನರಿಗೂ ಒಂದೊಂದೇ ಹೆಜ್ಜೆ ಓದಿ ಹೇಳುವುದರಿಂದ ಪ್ರಯೋಜನವಿತ್ತು. ಅದೇ ಬಗೆಯ ಪಟ್ಟಿಯನ್ನು ಕೆನಡಾದ ಒಂಟಾರಿಯೊ ಪ್ರಾಂತ್ಯ ತನ್ನ 101 ಆಸ್ಪತ್ರೆಗಳಿಗೆ ತಂದಾಗ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ ಎಂದು 2014ರಲ್ಲಿ ಇನ್ನೊಂದು ಅಧ್ಯಯನ ಹೇಳಿತು. ಯಾಕೆ ಎಂಬ ಚರ್ಚೆ ಇನ್ನೂ ನಡೆದಿದೆ. ಮೇಲಿನಿಂದ ಬಂದ ಪಟ್ಟಿಯನ್ನು ಬಳಸುವವರು ತಮ್ಮದಾಗಿಸಿಕೊಳ್ಳದಿದ್ದರೆ ಅದು ಬರಿಯ ಗುರುತು ಹಾಕುವ ಕೆಲಸವಾಗುತ್ತದೆ ಎಂಬ ವಿವರಣೆಯೇ ನನಗೆ ಒಪ್ಪಿಗೆಯಾಗುವುದು. ಆ್ಯಪ್‌ನ ಸಿದ್ಧ ಮಾದರಿಗೂ ಇದೇ ಗತಿ.

ಎರಡನೆಯ ಆಕ್ಷೇಪ: ಗೋಡೆಗೆ ಅಂಟಿಸಿದ ಕಾಗದ ಸಾಕಲ್ಲವೇ, ಗಮನ ಕದಿಯುವ ಫೋನಿನ ಮೂಲಕವೇ ಗಮನವನ್ನು ತಿದ್ದುವುದೆಂತು? ಇದರಲ್ಲಿ ಅರ್ಧವನ್ನು ನಾನು ಒಪ್ಪುತ್ತೇನೆ. ಮೂರು ಹೆಜ್ಜೆಯ ರಾತ್ರಿಯ ದಿನಚರಿಗೆ ಕಾಗದ ಸಾಕು, ಕಾಗದದಿಂದ ನಡೆಯುತ್ತಿದ್ದರೆ ಆ್ಯಪ್ ಬೇಡವೇ ಬೇಡ. ಆ್ಯಪ್ ಬೇಕಾಗುವುದು ಸಮಯದ ಅಂದಾಜು ಕೈಗೆ ಸಿಗದವರಿಗೆ. ಟೀಮೋ ಆ್ಯಪನ್ನು ರೂಪಿಸಿದ್ದೇ ಎಡಿಎಚ್‌ಡಿ, ಆಟಿಸಂ ಇರುವವರನ್ನು ಮನಸ್ಸಿನಲ್ಲಿಟ್ಟುಕೊಂಡು. ಒಂದು ಕೆಲಸದಿಂದ ಇನ್ನೊಂದಕ್ಕೆ ದಾಟುವುದೇ ಬೆಟ್ಟ ಹತ್ತಿದಂತೆ ಇರುವವರಿಗೆ ಇಳಿಯುತ್ತಿರುವ ಸಮಯ ಕಣ್ಣಿಗೆ ಕಾಣುವುದು ದೊಡ್ಡ ಆಸರೆ. ಉಳಿದವರು ದಿನಚರಿ ಓಡುವಾಗ ಬೇರೆ ಸೂಚನೆಗಳು ಬರದಂತೆ ಫೋನನ್ನು ಸುಮ್ಮನಿರಿಸಿ, ಧ್ವನಿಯಲ್ಲಿ ಮಾತ್ರ ಕೇಳಿದರೆ ಪರದೆಯ ಸೆಳೆತ ಬಹುಮಟ್ಟಿಗೆ ತಪ್ಪುತ್ತದೆ. ನಮ್ಮ ದಿನದ ವಿವರಗಳೆಲ್ಲ ಕಂಪನಿಯೊಂದರ ಬಳಿ ಸೇರುತ್ತವೆ ಎಂಬ ಚಿಂತೆಯೂ ನ್ಯಾಯವಾದದ್ದೇ. ದಾಖಲೆಯನ್ನು ಫೋನಿನಲ್ಲೇ ಇಟ್ಟುಕೊಳ್ಳುವ ಆ್ಯಪ್ ಆರಿಸಿಕೊಳ್ಳಿ, ಮಾತ್ರೆಯ ಹೆಸರು, ಬ್ಯಾಂಕಿನ ವಿಚಾರ ಬರೆಯಬೇಡಿ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಇಷ್ಟೆಲ್ಲ ಅಚ್ಚುಕಟ್ಟು ಮಾಡಿ ಉಳಿಸಿದ ಹೊತ್ತು ಕೊನೆಗೆ ಮಾಲೀಕರಿಗೇ ಹೋಗುವುದಲ್ಲವೇ? ದಿನಚರಿಯಲ್ಲಿ ಏನನ್ನು ಇಡುತ್ತೇವೆ ಎಂಬುದರ ಮೇಲೆ ಇದಕ್ಕೆ ಉತ್ತರ ನಿಂತಿದೆ. ಕಚೇರಿಯ ಕೆಲಸವನ್ನು ನೆನಪಿಸಲು ಕಚೇರಿಯವರು ಇದ್ದಾರೆ. ಆ್ಯಪ್ ಇರಬೇಕಾದದ್ದು ಯಾರೂ ನೆನಪಿಸದ ಕೆಲಸಕ್ಕೆ. ಮುಂಬೈಯ ಕನ್ನಡಿಗರ ಚರಿತ್ರೆಯಲ್ಲಿ ಇದಕ್ಕೆ ದೊಡ್ಡ ನಿದರ್ಶನ ರಾತ್ರಿ ಶಾಲೆಗಳದು. ಕರಾವಳಿಯಿಂದ ಬಂದು ಹೋಟೆಲು, ಕ್ಯಾಂಟೀನುಗಳಲ್ಲಿ ಹಗಲೆಲ್ಲ ದುಡಿದ ಹುಡುಗರು ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಕೂತು ಮೆಟ್ರಿಕ್ ಮುಗಿಸಿದರು, ಗುಮಾಸ್ತರಾದರು, ವಕೀಲರಾದರು, ಸ್ವಂತ ಹೋಟೆಲು ತೆರೆದರು. ಅವರಲ್ಲಿ ಛಲ ಇತ್ತು, ನಿಜ. ಛಲದ ಜೊತೆಗೆ ಗೊತ್ತಾದ ಹೊತ್ತಿಗೆ ಬಾರಿಸುವ ಗಂಟೆ, ಹಾಜರಿ ಕರೆಯುವ ಮೇಷ್ಟ್ರು, ಹೊತ್ತಿಗೆ ಸರಿಯಾಗಿ ಬಿಟ್ಟುಕೊಡುವ ಹೋಟೆಲ್ ಯಜಮಾನ, ಪಕ್ಕದ ಬೆಂಚಿನಲ್ಲಿ ಅದೇ ಊರಿನ ಗೆಳೆಯ ಇದ್ದರು. ಹೊರಗಿನ ಈ ಚೌಕಟ್ಟು ಇಲ್ಲದಿದ್ದರೆ ಹದಿನಾಲ್ಕು ಗಂಟೆ ನಿಂತು ದುಡಿದ ಕಾಲುಗಳನ್ನು ಶಾಲೆಗೆ ಎಳೆದೊಯ್ಯಲು ಛಲವೊಂದೇ ಸಾಲುತ್ತಿರಲಿಲ್ಲ. ಮುಂಬೈಯ ಕನ್ನಡ ಸಾಹಿತ್ಯದ ಬಹುಪಾಲು ನೌಕರಿಯ ಆಚೀಚೆಯ ಹೊತ್ತಿನಲ್ಲಿ ಹುಟ್ಟಿದ್ದು. 'ಶಿಕಾರಿ' ಬರೆದ ಯಶವಂತ ಚಿತ್ತಾಲರು ಕಾರ್ಖಾನೆಯೊಂದರಲ್ಲಿ ರಸಾಯನಶಾಸ್ತ್ರದ ಉದ್ಯೋಗದಲ್ಲಿದ್ದವರು. ನೌಕರಿ ಕೇಳದ ಕೆಲಸಕ್ಕೆ ಹೊತ್ತು ಕಾಪಾಡುವುದೇ ಈ ಆ್ಯಪ್‌ಗಳ ಸಾರ್ಥಕ ಬಳಕೆ ಎಂದು ನಾನು ನಂಬುವುದು ಈ ಕಾರಣಕ್ಕೆ.

ಇಂದು ಕನ್ನಡ ರಾತ್ರಿ ಶಾಲೆಗಳು ವಿರಳವಾಗಿವೆ, ಆದರೆ ಹೋಟೆಲಿನಲ್ಲಿ, ಸೆಕ್ಯೂರಿಟಿ ಪಾಳಿಯಲ್ಲಿ, ಕೊರಿಯರ್ ಬೈಕಿನ ಮೇಲೆ ದುಡಿಯುತ್ತಲೇ ಮುಕ್ತ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂರಲು ಹವಣಿಸುವ ಯುವಕರು ಈ ಊರಿನಲ್ಲಿದ್ದಾರೆ. ಅವರ ಕೈಯಲ್ಲಿ ಫೋನ್ ಇದೆ, ಗಂಟೆ ಬಾರಿಸುವವರು ಇಲ್ಲ. ಮಾಟುಂಗದ ಮೈಸೂರು ಅಸೋಸಿಯೇಷನ್, ಮುಂಬೈ ಕರ್ನಾಟಕ ಸಂಘ, ಚೆಂಬೂರು ಕರ್ನಾಟಕ ಸಂಘ, ಜೊತೆಗೆ ನಮ್ಮ ಸಮುದಾಯಗಳ ಸಂಘಗಳು ವರ್ಷವಿಡೀ ಕಾರ್ಯಕ್ರಮ ನಡೆಸುತ್ತವೆ. ಅವುಗಳಲ್ಲಿ ಒಂದು ಭಾನುವಾರದ ಮಧ್ಯಾಹ್ನವನ್ನು ಇದಕ್ಕೆ ಕೊಡಲಿ ಎಂದು ಕೇಳಿಕೊಳ್ಳುತ್ತೇನೆ. ಹತ್ತು ಹುಡುಗರನ್ನು, ಹತ್ತು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು, ಅವರವರ ಪಾಳಿ, ಗಾಡಿ, ನೀರಿನ ಹೊತ್ತು ಕೇಳಿ, ಕನ್ನಡದಲ್ಲಿ ಮೂರು ಹೆಜ್ಜೆಯ ದಿನಚರಿಯೊಂದನ್ನು ಅವರ ಫೋನಿನಲ್ಲೇ ಬರೆಯಿಸಿ. ಎರಡು ತಿಂಗಳ ಮೇಲೆ ಮತ್ತೆ ಕರೆದು ಯಾವ ಹೆಜ್ಜೆ ನಿಂತಿತು, ಯಾವುದು ಬಿತ್ತು ಎಂದು ವಿಚಾರಿಸಿ. ಹೋಟೆಲ್ ಯಜಮಾನರು ಮಧ್ಯಾಹ್ನದ ಆ ಬಿಡುವನ್ನು ಹುಡುಗರ ಪಾಲಿಗೆ ಬಿಟ್ಟುಕೊಡಬೇಕು. ಅದೊಂದನ್ನು ಯಾವ ಆ್ಯಪೂ ಕೊಡಿಸಲಾರದು.